ಘಾಟಿ ಹತ್ತುವಾಗ ಎಸಿ ನಿಲ್ಲುತ್ತಿದೆ, ಕೂಲಂಟ್ (ಎಂಜಿನ್ ತಣಿಸುವ ದ್ರವ) ಬಾಟಲಿಯೂ ಖಾಲಿಯಾಗುತ್ತಿದೆ. ಎರಡಕ್ಕೂ ಸಂಬಂಧ ಇದೆಯಾ?

ಸವಿತ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಪೆಟ್ರೋಲ್ ಕಾರು, ಸಣ್ಣದು. 94,000 ಕಿ.ಮೀ. ಓಡಿದೆ. ದಿನಾ ಶಾಲೆಗೆ ಹೋಗಿ ಬರುವುದಕ್ಕೆ ಏನೂ ತೊಂದರೆ ಇಲ್ಲ. ತವರು ಪುತ್ತೂರು, ಹಾಗಾಗಿ ಶಿರಾಡಿ ಘಾಟಿ ನಮಗೆ ಮಾಮೂಲು ದಾರಿ.

ಕಳೆದ ತಿಂಗಳು ಪುತ್ತೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿದ ಮೇಲೆ ಮುಂದೆ ಬರೀ ಟ್ಯಾಂಕರ್, ಲಾರಿ. ಫಸ್ಟ್ ಗೇರು, ಸೆಕೆಂಡ್ ಗೇರು ಅಂತ ತೆವಳಿಕೊಂಡೇ ಹತ್ತಬೇಕಾಯಿತು. ಅರ್ಧ ಘಾಟಿಯಲ್ಲಿ ಎಸಿ ಬಿಸಿ ಗಾಳಿ ಬಿಡಲು ಶುರು ಮಾಡಿತು. ಸಕಲೇಶಪುರ ಹತ್ತಿರ ಬರುವಾಗ ತಾನಾಗೇ ಮತ್ತೆ ತಣ್ಣಗಾಯಿತು. ಗ್ಯಾರೇಜಿನಲ್ಲಿ ತೋರಿಸಿದರೆ "ಗ್ಯಾಸ್ ಕಮ್ಮಿ ಇರಬೇಕು" ಅಂದರು. ತುಂಬಿಸಿದ್ದಾಯಿತು. ಮುಂದಿನ ಸಲ ಹತ್ತುವಾಗ ಮತ್ತೆ ಅದೇ ಕಥೆ.

ಇನ್ನೊಂದು ವಿಷಯ. ಗ್ಯಾಸ್ ತುಂಬುವ ಹುಡುಗ ಬಾನೆಟ್ ಎತ್ತಿದವನೇ "ಕೂಲಂಟ್ ಬಾಟಲಿ ಖಾಲಿ ಇದೆ ಮೇಡಂ" ಅಂತ ಅಲ್ಲೇ ಇದ್ದ ಕೊಡದಿಂದ ನೀರು ಸುರಿದ. ಹದಿನೈದು ದಿನಕ್ಕೆ ಮತ್ತೆ ಕೆಳಗಿನ ಗೆರೆಗಿಂತ ಕೆಳಗೆ. ಕೇಳಿದರೆ "ಹಳೇ ಗಾಡಿ ಅಲ್ವಾ, ನೀರು ಕುಡಿಯುತ್ತದೆ, ವಾರಕ್ಕೊಂದು ಸಲ ಹಾಕ್ತಾ ಇರಿ" ಅಂತಾರೆ. ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ತೊಟ್ಟು ನೀರೂ ಬಿದ್ದಿರುವುದಿಲ್ಲ. ಮೀಟರಿನಲ್ಲಿ ಬಿಸಿ ತೋರಿಸುವ ಮುಳ್ಳು ಇಲ್ಲ, ಎಂಜಿನ್ ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ ಅಷ್ಟೇ. ಕೆಂಪು ಇದುವರೆಗೆ ಬಂದಿಲ್ಲ.

ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಬರಬೇಕು. ಹೀಗೇ ನೀರು ಹಾಕಿಕೊಂಡು ಓಡಿಸಬಹುದಾ, ಇಲ್ಲ ಏನಾದರೂ ನೋಡಿಸಬೇಕಾ?

ಟೆಂಪೋ ಮಂಜ, ಕೊಟ್ಟಿಗೆಹಾರ

ಅಕ್ಕ, ತಲೆ ಕೆಡಿಸಿಕೊಳ್ಳಬೇಡಿ. ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಹಾಕಿಸಿ, ಸದಾ ತಣ್ಣಗಿರುತ್ತದೆ. ನಮ್ಮ ಕಡೆ ಚಾರ್ಮಾಡಿ ಹತ್ತಿಳಿಯುವ ಹಳೇ ಗಾಡಿಗಳಲ್ಲಿ ಎಷ್ಟೋ ಜನ ಮೊದಲು ಮಾಡುವ ಕೆಲಸವೇ ಅದು. ಸಣ್ಣ ಲೀಕ್ ಇದ್ದರೆ ರೇಡಿಯೇಟರಿಗೆ ಎರಡು ಚಮಚ ಅರಿಶಿನ ಪುಡಿ ಹಾಕಿ. ನಿಲ್ಲುತ್ತದೆ.

ಕೋಡ್ ಕಿಟ್ಟಿ, ಬೆಂಗಳೂರು

ಸವಿತ ಅವರೇ, ಸಂಬಂಧ ಇದೆ. ಗ್ಯಾಸಿಗೆ ಕೊಟ್ಟ ದುಡ್ಡು ದಂಡ ಅಂತ ನನಗನ್ನಿಸುತ್ತದೆ.

ಬಹಳಷ್ಟು ಕಾರುಗಳಲ್ಲಿ ಕೂಲಂಟ್ ಬಿಸಿ ಒಂದು ಮಿತಿ ದಾಟಿದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ತಾನೇ ಎಸಿ ಕಂಪ್ರೆಸರ್ ಆಫ್ ಮಾಡುತ್ತದೆ. ಕಂಪ್ರೆಸರ್ ಓಡಿಸುವುದು ಎಂಜಿನ್ನಿಗೆ ಹೊರೆ. ಜೊತೆಗೆ ಎಸಿಯ ಬಿಸಿ ಹೊರಗೆ ಬಿಡುವ ಜಾಲರಿ, ಕಂಡೆನ್ಸರ್, ಇರುವುದು ರೇಡಿಯೇಟರಿನ ಮುಂದೆ. ಅದು ಬಿಟ್ಟ ಬಿಸಿ ಗಾಳಿಯೇ ಹಿಂದಿರುವ ರೇಡಿಯೇಟರಿಗೆ ಹೋಗುತ್ತದೆ. ಎಂಜಿನ್ ಉಳಿಸಿಕೊಳ್ಳಲು ಇಸಿಯು ಮೊದಲು ಬಿಡುವುದು ನಿಮ್ಮ ತಂಪು ಗಾಳಿಯನ್ನ. ಏರಿನಲ್ಲಿ ನಿಂತು, ಮೇಲೆ ಹೋದಾಗ ತಾನಾಗೇ ಬಂತು ಅಂದಿರಲ್ಲ, ಗ್ಯಾಸ್ ಕಮ್ಮಿಯಾಗಿದ್ದರೆ ಹಾಗಾಗುವುದಿಲ್ಲ. ಊರೊಳಗೂ ತಂಪು ಕಮ್ಮಿ ಇರುತ್ತಿತ್ತು.

ಮುಳ್ಳು ಇಲ್ಲದ ಕಾರಿಗೆ ಒಂದು ಬ್ಲೂಟೂತ್ ಓಬಿಡಿ ಡಾಂಗಲ್ (ಇಸಿಯು ಮಾಹಿತಿ ಓದುವ ಪುಟ್ಟ ಸಾಧನ) ತೆಗೆದುಕೊಳ್ಳಿ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಫೋನಿನಲ್ಲಿ ಕೂಲಂಟ್ ಬಿಸಿ ಡಿಗ್ರಿಯಲ್ಲೇ ಕಾಣುತ್ತದೆ. ನನ್ನ ಕಾರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ 88ರಿಂದ 97ರ ನಡುವೆ ಆಡುತ್ತಿರುತ್ತದೆ. ಫ್ಯಾನ್ ತಿರುಗಿದರೆ ಇಳಿಯುತ್ತದೆ, ನಿಂತರೆ ಏರುತ್ತದೆ. 105 ದಾಟಿ ಇನ್ನೂ ಏರುತ್ತಲೇ ಇದ್ದರೆ ನಾನಂತೂ ಗಾಡಿ ಪಕ್ಕಕ್ಕೆ ಹಾಕುತ್ತೇನೆ.

ರೇಡಿಯೇಟರ್ ಅಂಗಡಿ, ಹಾಸನ

ಮೇಡಂ, ನೀರು ಕುಡಿಯುವುದು ದನ. ಗಾಡಿ ಕುಡಿಯುವುದಿಲ್ಲ.

ಕೂಲಂಟ್ ಓಡಾಡುವುದು ಮುಚ್ಚಿದ ಜಾಗದಲ್ಲಿ. ಸರಿಯಾಗಿರುವ ಗಾಡಿಯಲ್ಲಿ ವರ್ಷಕ್ಕೆ ಬಾಟಲಿಯಲ್ಲಿ ಒಂದು ಬೆರಳು ಇಳಿದರೆ ಅದೇ ಹೆಚ್ಚು. ಹದಿನೈದು ದಿನಕ್ಕೆ ಬಾಟಲಿ ಖಾಲಿ ಅಂದರೆ ಎಲ್ಲೋ ಹೋಗುತ್ತಿದೆ. ಎಲ್ಲಿಗೆ ಅಂತ ಹುಡುಕದೆ ಮೇಲಿಂದ ಸುರಿಯುತ್ತಾ ಹೋದರೆ ಕಾಯಿಲೆ ಮುಚ್ಚಿಟ್ಟ ಹಾಗೆ. ನಮ್ಮ ಅಂಗಡಿಗೆ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಎಂಜಿನ್ ಭಾಗ) ಬೆಂಡ್ ಆಗಿ ಬರುವ ಗಾಡಿಗಳಲ್ಲಿ ಮುಕ್ಕಾಲು ಪಾಲು ಹೀಗೆ "ವಾರಕ್ಕೊಂದು ಸಲ ಹಾಕ್ತಾ ಇದ್ವಿ" ಅನ್ನುವವೇ.

ನೆಲದ ಮೇಲೆ ತೊಟ್ಟಿಲ್ಲ ಅಂತ ಲೀಕ್ ಇಲ್ಲ ಅಂದುಕೊಳ್ಳಬೇಡಿ. ಈಗಿನ ರೇಡಿಯೇಟರಿನಲ್ಲಿ ನಡುವಿನ ಜಾಲರಿ ಅಲ್ಯೂಮಿನಿಯಂ, ಎರಡು ಕಡೆಯ ಟ್ಯಾಂಕು ಪ್ಲಾಸ್ಟಿಕ್. ಇವೆರಡು ಸೇರುವ ಕಡೆ ಒಂದು ರಬ್ಬರ್ ಪಟ್ಟಿ. ಹತ್ತು ವರ್ಷವಾದ ಮೇಲೆ ಪ್ಲಾಸ್ಟಿಕ್ ಪೆಡಸಾಗಿ ಕೂದಲೆಳೆ ಬಿರುಕು ಬಿಡುತ್ತದೆ. ಗಾಡಿ ತಣ್ಣಗಿದ್ದಾಗ ಬಿರುಕು ಮುಚ್ಚಿರುತ್ತದೆ. ಬಿಸಿಯಾಗಿ ಒಳಗೆ ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಹೊರಗೆ ಬಂದ ನೀರು ಆ ಬಿಸಿಗೆ ಅಲ್ಲೇ ಆವಿ. ನೆಲಕ್ಕೆ ಬೀಳುವುದೇ ಇಲ್ಲ. ಆದರೆ ಗುರುತು ಬಿಡುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಟಾರ್ಚ್ ಹಿಡಿದು ಆ ಸೇರುವ ಅಂಚಿನ ಉದ್ದಕ್ಕೂ ನೋಡಿ. ಒಣಗಿದ ಬಿಳಿ ಪುಡಿ, ಅಥವಾ ನಿಮ್ಮ ಕೂಲಂಟಿನ ಬಣ್ಣದ ಹಕ್ಕಳೆ ಕಂಡರೆ ಅಲ್ಲೇ ಕಳ್ಳ.

ಅಲ್ಲಿ ಕಾಣದಿದ್ದರೆ ವಾಟರ್ ಪಂಪ್. ಪಂಪಿನ ಕೆಳಭಾಗದಲ್ಲಿ ಬೇಕೆಂದೇ ಬಿಟ್ಟ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ನೀರು ಬೇರಿಂಗಿಗೆ ನುಗ್ಗದೆ ಆ ತೂತಿನಿಂದ ಹೊರಗೆ ಬರಲಿ ಅಂತ. ಅದರ ಕೆಳಗೆ ಕಲೆ ಇಳಿದಿದ್ದರೆ ಪಂಪ್ ಬದಲಿಸಬೇಕು. ಆ ತೂತಿಗೆ ಎಂ-ಸೀಲ್ ಮೆತ್ತಿಸಿಕೊಂಡು ಬಂದವರನ್ನೂ ನೋಡಿದ್ದೇನೆ! ಎಡಗಡೆ ಸೀಟಿನ ಮುಂದಿನ ಮ್ಯಾಟ್ ಎತ್ತಿ ಕೈ ಆಡಿಸಿ. ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ ಹೀಟರ್ ಕಾಯಿಲ್ ಸೋರುತ್ತಿದೆ. ಎಸಿ ನೀರು ಗಾಡಿ ಕೆಳಗೆ ತೊಟ್ಟಿಕ್ಕುವುದು ಬೇರೆ, ಅದು ಬರೀ ನೀರು, ಅದಕ್ಕೆ ಹೆದರಬೇಡಿ.

ಈಗ ರೇಡಿಯೇಟರ್ ಮುಚ್ಚಳ. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವುದೇ ಸುಮಾರು 90 ಡಿಗ್ರಿಯಲ್ಲಿ. ಅಂದರೆ ಮುಚ್ಚಳ ಒತ್ತಡ ಹಿಡಿದಿಡದಿದ್ದರೆ ಸ್ವಲ್ಪ ಏರು ಹತ್ತಿದರೂ ಒಳಗೆ ಕುದಿ ಬರುತ್ತದೆ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅದು ಬಾರ್ ಲೆಕ್ಕದ ಒತ್ತಡ. ಅಷ್ಟು ಒತ್ತಡ ಇದ್ದು, ಅರ್ಧ ಕೂಲಂಟ್ ಅರ್ಧ ನೀರು ಇದ್ದರೆ ಕುದಿಯುವ ಮಟ್ಟ 125 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಸ್ಪ್ರಿಂಗ್ ಸೋತರೆ ಅಥವಾ ರಬ್ಬರ್ ಬಿರಿದರೆ ಆ ಲಾಭವೆಲ್ಲ ಹೋಯಿತು. ಮುಚ್ಚಳದ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇದೆ. ಎಂಜಿನ್ ಆರುವಾಗ ಬಾಟಲಿಯಿಂದ ನೀರು ವಾಪಸ್ ಎಳೆದುಕೊಳ್ಳಲು. ಅದು ಅಂಟಿಕೊಂಡರೆ ಬೆಳಿಗ್ಗೆ ಮೇಲಿನ ಹೋಸ್ ಪೈಪ್ ಒಳಕ್ಕೆ ಸೆಳೆದು ಚಪ್ಪಟೆಯಾಗಿರುತ್ತದೆ. ಕೆಲವು ನೂರು ರೂಪಾಯಿಯ ಸಾಮಾನು. ಅದೇ ನಂಬರಿನದ್ದೇ ಹಾಕಿಸಿ, ಜಾಸ್ತಿ ಒತ್ತಡದ್ದು ಒಳ್ಳೆಯದು ಅಂತ ಹಾಕಿಸಲು ಹೋಗಬೇಡಿ.

ಕೊನೆಯ ಅನುಮಾನ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಎಂಜಿನ್ನಿಗೂ ನಡುವಿನ ಸೀಲ್. ಇದು ಆಗಿರಬಾರದು ಅಂತಲೇ ನೋಡಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗಡೆ ನೋಡಿ. ಡಿಪ್‌ಸ್ಟಿಕ್ ಒರೆಸಿ ನೋಡಿ. ಕಾಫಿಗೆ ಹಾಲು ಬೆರೆಸಿದ ಬಣ್ಣದ ಗಟ್ಟಿ ನೊರೆ ಎರಡರಲ್ಲೂ ಇದ್ದರೆ ನೀರು ಆಯಿಲ್ಲಿಗೆ ಸೇರುತ್ತಿದೆ, ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಿಸುವ ಗಾಡಿಗೆ ಮುಚ್ಚಳದಲ್ಲಿ ಮಾತ್ರ ಸ್ವಲ್ಪ ನೊರೆ ಕಾಣುವುದುಂಟು, ಅದು ಬರೀ ತೇವ. ಆಮೇಲೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ. ನಿಲ್ಲದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ ಅಂತ ಅನುಮಾನ ಪಡಬೇಕು.

ಹೆಡ್ ಅಲ್ಯೂಮಿನಿಯಂ. ಒಂದು ಸಲ ಸರಿಯಾಗಿ ಕಾದರೆ ಡೊಂಕಾಗುತ್ತದೆ. ಲೇತಿನವರು ಅದರ ಮೇಲೆ ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡುತ್ತಾರೆ. ಎಷ್ಟೋ ಸಣ್ಣ ಪೆಟ್ರೋಲ್ ಎಂಜಿನ್ನುಗಳಿಗೆ ಮಿತಿ 0.05 ಮಿ.ಮೀ. ಅಷ್ಟು ದಾಟಿದರೆ ಹೆಡ್ ಉಜ್ಜಿ ಸಮ ಮಾಡುವ ಫೇಸಿಂಗ್, ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು, ಎಂಜಿನ್ ಬಿಚ್ಚಿದ ಕೂಲಿ. ಹತ್ತಾರು ಸಾವಿರ. ಪಿಸ್ಟನ್ ಹಿಡಿದುಕೊಂಡು ಸೀಜ್ ಆದರೆ ಲೆಕ್ಕವೇ ಬೇರೆ.

ಕೆಂಪು ದೀಪ ಬಂದಿಲ್ಲ ಅಂತ ನೆಮ್ಮದಿ ಬೇಡ. ದೀಪಕ್ಕೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರು ಇಳಿದು ಅದರ ಸುತ್ತ ಬರೀ ಗಾಳಿ ಇದ್ದರೆ ಎಂಜಿನ್ ಸುಡುತ್ತಿದ್ದರೂ ಅದು ಸುಮ್ಮನಿರಬಹುದು. ಕಿಟ್ಟಿಯವರ ಡಾಂಗಲ್ ಓದುವುದೂ ಅದೇ ಸೆನ್ಸರನ್ನು. ಡಾಂಗಲ್ ಇಟ್ಟುಕೊಳ್ಳಿ, ಬಾಟಲಿಯನ್ನೂ ನೋಡಿ.

ಮಂಜಣ್ಣ, ಥರ್ಮೋಸ್ಟಾಟ್ ವಿಷಯಕ್ಕೆ ಬರುತ್ತೇನೆ. ಹಳೇ ಡೀಸೆಲ್ ಗಾಡಿಯಲ್ಲಿ ನಡೆದು ಹೋಗುತ್ತಿತ್ತು. ಇಸಿಯು ಇರುವ ಪೆಟ್ರೋಲ್ ಕಾರಿನಲ್ಲಿ ಕಿತ್ತು ಹಾಕಿದರೆ ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಮೈಲೇಜ್ ಹೋಯಿತು, ಆಯಿಲ್ ಕಾಯದೆ ಸವೆತವೂ ಜಾಸ್ತಿ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ತಾನೇ ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತಿ ಇನ್ನೂ ಜಾಸ್ತಿ ಕಾಯುತ್ತದೆ. ಅರಿಶಿನ ತೂತನ್ನೂ ಮುಚ್ಚುತ್ತದೆ, ಹೀಟರಿನ ಸಣ್ಣ ಕೊಳವೆಯನ್ನೂ ಮುಚ್ಚುತ್ತದೆ. ಅದು ತೂತು ಯಾವುದು, ಕೊಳವೆ ಯಾವುದು ಅಂತ ಕೇಳಿಕೊಂಡು ಹೋಗುವುದಿಲ್ಲವಲ್ಲ. ಕಾಡಿನ ನಡುವೆ ಸಿಕ್ಕಿಕೊಂಡಾಗ ಊರು ಮುಟ್ಟಲು ಸರಿ, ಅಷ್ಟೇ.

ಟೆಂಪೋ ಮಂಜ, ಕೊಟ್ಟಿಗೆಹಾರ

ಗುರುಗಳೇ, ನಮ್ಮದು ಹಳೇ ಡೀಸೆಲ್ಲೇ. ಥರ್ಮೋಸ್ಟಾಟ್ ಇಲ್ಲದೆ ಎಷ್ಟೋ ಸಲ ಚಾರ್ಮಾಡಿ ಹತ್ತಿದೆ. ಚಳಿಗಾಲದ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ಎಂಜಿನ್ ಕಾಯುವುದೇ ಇಲ್ಲ ಅನ್ನುವುದು ಮಾತ್ರ ನಿಜ. ಹೊಸ ಕಾರಿನ ವಿಷಯ ನನಗೆ ಬೇಡ ಬಿಡಿ.

ಸವಿತ, ಅರಸೀಕೆರೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಟಾರ್ಚ್ ಹಿಡಿದು ನೋಡಿದೆ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಎರಡೂ ಚೊಕ್ಕ. ಗುಳ್ಳೆ ಇಲ್ಲ. ಮ್ಯಾಟ್ ಒಣಗಿದೆ. ಆದರೆ ಬ್ಯಾಟರಿ ಕಡೆಯ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿನಲ್ಲಿ, ಮೇಲಿನಿಂದ ಒಂದು ಗೇಣು ಕೆಳಗೆ, ಹಸಿರು ಮಿಶ್ರಿತ ಬಿಳಿ ಗೆರೆ ಇದೆ. ಉಗುರಿನಲ್ಲಿ ಕೆರೆದರೆ ಉಪ್ಪಿನ ಹಾಗೆ ಉದುರಿತು. ಮುಚ್ಚಳದ ರಬ್ಬರ್ ಕೂಡ ಒಂದು ಕಡೆ ಸೀಳಿದೆ. ಮೇಲೆ 1.1 ಅಂತ ಬರೆದಿದೆ.

ಇದಕ್ಕೆ ರೇಡಿಯೇಟರನ್ನೇ ಬದಲಿಸಬೇಕಾ? ಅಂಟು ಹಾಕಿ ಕೂರಿಸುತ್ತೇವೆ ಅಂತ ಇಲ್ಲೊಬ್ಬರು ಹೇಳಿದರು. ಇನ್ನೊಂದು, ಕೊಡದ ನೀರು ಹಾಕಿಬಿಟ್ಟಿದ್ದಾರಲ್ಲ. ನಮ್ಮ ಬೋರ್ ನೀರು ಬಕೆಟ್ಟಿಗೇ ಬಿಳಿ ಕಲೆ ಹಿಡಿಸುತ್ತದೆ.

ರೇಡಿಯೇಟರ್ ಅಂಗಡಿ, ಹಾಸನ

ಸರಿ, ಕಳ್ಳ ಸಿಕ್ಕಿದ. ಖಾತ್ರಿಗೆ ಪ್ರೆಶರ್ ಟೆಸ್ಟ್ ಮಾಡಿಸಿ. ಮುಚ್ಚಳದ ಜಾಗಕ್ಕೆ ಒಂದು ಕೈ ಪಂಪ್ ಸಿಕ್ಕಿಸಿ 1.1 ಬಾರ್ ತನಕ ಗಾಳಿ ತುಂಬಿ ಸ್ವಲ್ಪ ಹೊತ್ತು ಬಿಡುತ್ತಾರೆ. ಮುಳ್ಳು ಇಳಿದರೆ ಲೀಕ್, ಎಲ್ಲಿ ಒಸರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಎರಡು ಕಡೆ ಸೋರುವ ಗಾಡಿಗಳೂ ಇರುತ್ತವೆ, ಒಂದನ್ನು ಸರಿ ಮಾಡಿ ಕಳಿಸಿದರೆ ಇನ್ನೊಂದು ಕೈ ಕೊಡುತ್ತದೆ. ಅದಕ್ಕೇ ಈ ಟೆಸ್ಟು.

ಬಿರುಕು ಬಿಟ್ಟ ಪ್ಲಾಸ್ಟಿಕ್ಕಿಗೆ ಅಂಟು ನಿಲ್ಲುವುದಿಲ್ಲ. ನಾನು ಈ ಕೆಲಸದವನೇ ಆಗಿ ಹೇಳುತ್ತಿದ್ದೇನೆ. ಹಿತ್ತಾಳೆ ರೇಡಿಯೇಟರ್ ಕಾಲದಲ್ಲಿ ಬೆಸುಗೆ ಹಾಕಿ ಕೊಡುತ್ತಿದ್ದೆವು, ವರ್ಷಗಟ್ಟಲೆ ಬರುತ್ತಿತ್ತು. ಇದು ಹಾಗಲ್ಲ. ಹೊಸ ರೇಡಿಯೇಟರ್ ಹಾಕಿಸಿ, ಜೊತೆಗೆ ಮುಚ್ಚಳ. ಮೇಲಿನ, ಕೆಳಗಿನ ಹೋಸುಗಳನ್ನು ಹಿಸುಕಿ ನೋಡಿ. ಗಟ್ಟಿಯಾಗಿ ಕರಕರ ಅಂದರೆ, ಅಥವಾ ಕ್ಲಿಪ್ ಕೂರುವ ಕಡೆ ಉಬ್ಬಿದ್ದರೆ ಅವೂ ಹೊಸದಾಗಲಿ. ಹೇಗೂ ಬಿಚ್ಚುತ್ತಾರಲ್ಲ, ಬೇರೆ ಕೂಲಿ ಬೀಳುವುದಿಲ್ಲ.

ಬಿಚ್ಚಿದಾಗ ಇನ್ನೊಂದು ಕೆಲಸ ಹೇಳಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಎರಡು ಬೆರಳಿನ ಸಂದು. ನಮ್ಮ ಕಡೆ ರಸ್ತೆ ಮೇಲೆ ಹುರುಳಿ, ರಾಗಿ ಹಾಕಿ ಒಕ್ಕಣೆ ಮಾಡುತ್ತಾರಲ್ಲ, ಆ ಹೊಟ್ಟು ಹೋಗಿ ಕೂರುವುದು ಅಲ್ಲೇ. ಮುಂದಿನಿಂದ ಬಗ್ಗಿ ನೋಡಿದರೆ ಜಾಲರಿ ಚೊಕ್ಕವಾಗಿ ಕಾಣುತ್ತದೆ. ಬಿಚ್ಚಿದರೆ ಹೊಟ್ಟು, ಧೂಳು, ಹುಳದ ರೆಕ್ಕೆ ಎಲ್ಲ ಸೇರಿ ಅಂಗೈಯಗಲದ ಹೆಪ್ಪು. ಗಾಳಿ ತೂರುವುದೆಲ್ಲಿಂದ? ಹೋದ ವರ್ಷ ಜಾವಗಲ್ ಕಡೆಯ ಒಂದು ಗಾಡಿಯಿಂದ ಪೊರಕೆಯಲ್ಲಿ ಗುಡಿಸಿ ತೆಗೆದೆ. ರೇಡಿಯೇಟರಿನಲ್ಲಿ ಬೇರೆ ಯಾವ ದೋಷವೂ ಇರಲಿಲ್ಲ. ಕಂಡೆನ್ಸರನ್ನು ಹಿಂದಿನಿಂದ ಮುಂದಕ್ಕೆ, ಸಣ್ಣ ಪೈಪಿನ ನೀರಿನಲ್ಲಿ ತೊಳೆಯಬೇಕು. ವಾಟರ್ ಸರ್ವೀಸಿನ ಗನ್ ಹತ್ತಿರ ಹಿಡಿದರೆ ಜಾಲರಿ ಮಡಚಿಕೊಂಡು ಇರುವ ದಾರಿಯೂ ಮುಚ್ಚುತ್ತದೆ.

ಬೋರ್ ನೀರಿನ ವಿಷಯ ನೀವೇ ಹೇಳಿದಿರಿ. ಬಕೆಟ್ಟಿಗೆ ಹಿಡಿಯುವ ಬಿಳಿಯೇ ಎಂಜಿನ್ ಒಳಗೂ ಹಿಡಿಯುತ್ತದೆ. ಆ ಪದರ ಬಿಸಿಯನ್ನು ನೀರಿಗೆ ಬಿಟ್ಟುಕೊಡುವುದಿಲ್ಲ. ಅದಕ್ಕೆ ಹಳೆಯದೆಲ್ಲ ಇಳಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನ್ ಬರುವ ತನಕ ಓಡಿಸಿ, ಆರಿಸಿ, ಮತ್ತೆ ಇಳಿಸಬೇಕು. ನೀರು ತಿಳಿಯಾಗುವ ತನಕ ಹೀಗೇ.

ಆಮೇಲೆ ಕೂಲಂಟ್. ಇಲ್ಲೊಂದು ಸೂಕ್ಷ್ಮ ಇದೆ. ಎಷ್ಟೇ ಇಳಿಸಿದರೂ ತೊಳೆದ ನೀರು ಸ್ವಲ್ಪ ಎಂಜಿನ್ ಹೊಟ್ಟೆಯಲ್ಲೇ ಉಳಿಯುತ್ತದೆ. ಅದರ ಮೇಲೆ ಮೊದಲೇ ನೀರು ಬೆರೆಸಿ ಬರುವ "ರೆಡಿ ಮಿಕ್ಸ್" ಸುರಿದರೆ ಒಟ್ಟಾರೆ ತೆಳುವಾಗುತ್ತದೆ. ಹಾಗಾಗಿ ಬೆರೆಸದ ಗಟ್ಟಿ ಕೂಲಂಟ್ ತನ್ನಿ. ಮ್ಯಾನುಯಲ್‌ನಲ್ಲಿ ಒಟ್ಟು ಎಷ್ಟು ಲೀಟರ್ ಅಂತ ಇರುತ್ತದೆ. 4 ಲೀಟರ್ ಅಂತಿದ್ದರೆ ಮೊದಲು 2 ಲೀಟರ್ ಗಟ್ಟಿ ಕೂಲಂಟ್ ಹಾಕಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಮುಂದೆ ಟಾಪಪ್ ಮಾಡಲು ರೆಡಿ ಮಿಕ್ಸ್ ಇಟ್ಟುಕೊಳ್ಳಿ, ಅದಕ್ಕೆ ಮತ್ತೆ ನೀರು ಬೆರೆಸಬೇಡಿ.

ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಗುಲಾಬಿ ಅನ್ನುವುದು ಆಯಾ ಕಂಪನಿಯವರ ಇಷ್ಟ. ಮ್ಯಾನುಯಲ್‌ನಲ್ಲಿ ಹೇಳಿದ ಬಗೆ ಯಾವುದೋ ಅದು. ಹಳೇ ಬಗೆಯದಾದರೆ 2 ವರ್ಷ ಅಥವಾ 40,000 ಕಿ.ಮೀ.ಗೆ ಬದಲಿಸುವುದು ರೂಢಿ. ಓಎಟಿ ಅಂತ ಬರೆದಿರುವ ಬಗೆಯದು ಸಾಮಾನ್ಯವಾಗಿ 5 ವರ್ಷ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ ಅಂತ ಕೇಳುವವರಿದ್ದಾರೆ. ತುಕ್ಕು ಹಿಡಿಯದಿರಲು, ಬೇಗ ಕುದಿಯದಿರಲು, ಪಂಪಿನ ಸೀಲ್ ಒಣಗದಿರಲು.

ತುಂಬುವಾಗ ಗಾಡಿಯ ಮೂತಿ ಮೇಲಿರಲಿ, ಸ್ವಲ್ಪ ಏರಿನ ಜಾಗದಲ್ಲಿ ನಿಲ್ಲಿಸಿದರೆ ಸಾಕು. ಫ್ಯಾನ್ ಎರಡು ಸಲ ಬಂದು ಹೋಗುವ ತನಕ ಬಿಡಿ. ಒಳಗೆ ಗಾಳಿ ಉಳಿದರೆ ಹೊಸ ರೇಡಿಯೇಟರ್ ಹಾಕಿಯೂ ಗಾಡಿ ಕಾಯುತ್ತದೆ. ಮಾರನೇ ದಿನ ತಣ್ಣಗಿರುವಾಗ ಮಟ್ಟ ಇನ್ನೊಂದು ಸಲ ನೋಡಿ.

ಕೋಡ್ ಕಿಟ್ಟಿ, ಬೆಂಗಳೂರು

ಫ್ಯಾನ್ ಪರೀಕ್ಷೆ ಸುಲಭ. ಗಾಡಿ ನಿಂತಿರುವಾಗ ಎಸಿ ಹಾಕಿ, ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗಬೇಕು. ಬಾರದಿದ್ದರೆ ಫ್ಯೂಸ್, ರಿಲೇ ನೋಡಿಸಿ. ಮತ್ತೆ ನೀಲಿ ದೀಪ ಎಷ್ಟು ಓಡಿಸಿದರೂ ಆರದಿದ್ದರೆ ಥರ್ಮೋಸ್ಟಾಟ್ ತೆರೆದುಕೊಂಡೇ ಉಳಿದಿದೆ, ಇಲ್ಲ ಯಾರೋ ಮೊದಲೇ ಕಿತ್ತಿದ್ದಾರೆ. ಹಳೇ ಗಾಡಿ ಕೊಂಡವರು ಇದನ್ನು ಗಮನಿಸಿ.

ಸವಿತ, ಅರಸೀಕೆರೆ

ಹಾಸನಕ್ಕೆ ಹೋಗಿ ಮಾಡಿಸಿಕೊಂಡು ಬಂದೆ. ಟೆಸ್ಟ್ ಹಾಕಿದಾಗ ಅದೇ ಗೆರೆಯ ಜಾಗದಲ್ಲಿ ಸಣ್ಣ ಸಣ್ಣ ಹನಿ ಮೂಡಿತು. ಬೇರೆಲ್ಲೂ ಇಲ್ಲ. ರೇಡಿಯೇಟರ್, ಮುಚ್ಚಳ, ಮೇಲಿನ ಹೋಸ್ ಹೊಸದು. ಸಂದಿನಲ್ಲಿ ಹೊಟ್ಟು ಇತ್ತು, ನೀವು ಹೇಳಿದಷ್ಟಲ್ಲ. ಡಾಂಗಲ್ ತರಿಸಿದ್ದೇನೆ, ಊರೊಳಗೆ 90ರ ಆಸುಪಾಸು ತೋರಿಸುತ್ತದೆ.

ಎರಡೇ ಪ್ರಶ್ನೆ. ಘಾಟಿಯಲ್ಲಿ ಅಕಸ್ಮಾತ್ ಕಾದರೆ ಏನು ಮಾಡಬೇಕು? ಇಳಿಸಿದ ಹಳೇ ಕೂಲಂಟನ್ನು ಒಂದು ಕ್ಯಾನಿನಲ್ಲಿ ಕೊಟ್ಟಿದ್ದಾರೆ, ತೆಂಗಿನ ಬುಡಕ್ಕೆ ಸುರಿಯಬಹುದಾ?

ರೇಡಿಯೇಟರ್ ಅಂಗಡಿ, ಹಾಸನ

ಬಿಸಿ ಏರುತ್ತಿದೆ ಅನ್ನಿಸಿದರೆ ಎಸಿ ಆಫ್, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಜೋರಾಗಿ. ಸೆಕೆ ತಡೆದುಕೊಳ್ಳಬೇಕು, ಆದರೆ ಎಂಜಿನ್ ಬಿಸಿ ಒಂದಷ್ಟು ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಲಾರಿಯ ಬಾಲಕ್ಕೆ ಅಂಟಿಕೊಂಡು ಹತ್ತಬೇಡಿ, ಅದರ ಬಿಸಿಯೆಲ್ಲ ನಿಮ್ಮ ರೇಡಿಯೇಟರಿಗೆ ಬರುತ್ತದೆ. ದೊಡ್ಡ ಗೇರಿನಲ್ಲಿ ಎಂಜಿನ್ ಮುಲುಗುವ ಹಾಗೆ ಎಳೆಸಬೇಡಿ. ಸೆಕೆಂಡ್ ಗೇರಿನಲ್ಲಿ ಹಗುರಾಗಿ ತಿರುಗಿಸಿದರೆ ಪಂಪ್ ನೀರನ್ನೂ ಜೋರಾಗಿ ತಳ್ಳುತ್ತದೆ.

ಕೆಂಪು ದೀಪ ಬಂದರೆ, ಆವಿ ಕಂಡರೆ, ಅಗಲ ಜಾಗ ನೋಡಿ ನಿಲ್ಲಿಸಿ ಎಂಜಿನ್ ಆಫ್. ಮುಂದಿನ ತಿರುವಿನ ತನಕ ಹೋಗೋಣ ಅನ್ನುವುದು ಬೇಡ. ಬಾನೆಟ್ ಎತ್ತಿ ಬಿಡಿ, ಮುಚ್ಚಳಕ್ಕೆ ಕೈ ಹಾಕಬೇಡಿ. ಕೈ ಇಟ್ಟರೆ ಮೇಲಿನ ಹೋಸ್ ಮೆತ್ತಗೆ, ತಣ್ಣಗೆ ಅನ್ನಿಸುವ ತನಕ ಕಾಯಿರಿ, ಅರ್ಧ ಗಂಟೆಗಿಂತ ಜಾಸ್ತಿಯೇ ಬೇಕು. ಶಿರಾಡಿಯಲ್ಲಿ ಪಕ್ಕದಲ್ಲೇ ತೊರೆ ಹರಿಯುತ್ತಿರುತ್ತದೆ, ಯಾರೋ ಬಾಟಲಿಯಲ್ಲಿ ಹಿಡಿದು ತರುತ್ತಾರೆ. ಕಾದ ಎಂಜಿನ್ನಿಗೆ ಆ ತಣ್ಣೀರು ಬಿದ್ದರೆ ಹೆಡ್ ಸೀಳಬಹುದು. ಆರಿದ ಮೇಲೆ ಬೇರೆ ಗತಿ ಇಲ್ಲದಿದ್ದರೆ ಹಾಕಿಕೊಂಡು ಬನ್ನಿ, ಊರಿಗೆ ಬಂದು ಬದಲಿಸಿದರಾಯಿತು.

ತೆಂಗಿನ ಬುಡಕ್ಕೆ ಬೇಡ. ಮೋರಿಗೂ ಬೇಡ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಮೇಲಾಗಿ ರುಚಿ ಸಿಹಿ. ನಾಯಿ ನೆಕ್ಕಿದರೆ ಸ್ವಲ್ಪಕ್ಕೇ ಕಿಡ್ನಿ ಹೋಗುತ್ತದೆ. ಮುಚ್ಚಳ ಬಿಗಿ ಮಾಡಿ ಮಕ್ಕಳ ಕೈಗೆ ಸಿಗದ ಕಡೆ ಇಟ್ಟಿರಿ. ಈ ಕಡೆ ಬಂದಾಗ ನಮ್ಮ ಅಂಗಡಿಗೆ ಕೊಡಿ, ಹಳೇ ಆಯಿಲ್ ಒಯ್ಯುವವರು ಬಂದಾಗ ಬೇರೆ ಡಬ್ಬದಲ್ಲಿ ಕೊಟ್ಟು ಕಳಿಸುತ್ತೇನೆ. ಆಯಿಲ್ ಜೊತೆ ಬೆರೆಸಿದರೆ ಅವರು ಮುಟ್ಟುವುದಿಲ್ಲ. ಭಾನುವಾರ ಅಂಗಡಿ ರಜ.